ಸಂಶೋಧನಾ ಕಾರ್ಯದಲ್ಲಿ ಅಂತರಜಾಲ ಸಾಧನಗಳ ಬಳಕೆ: ಪಿಎಚ್.ಡಿ. ಸಂಶೋಧನಾರ್ಥಿಗಳಿಗೆ ಮಾಹಿತಿ

ಪೀಠಿಕೆ

ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪದವಿಗಾಗಿ ನೋಂದಣಿ ಮಾಡಿಕೊಂಡಿರುವ ಹಾಗೂ ನೋಂದಣಿ ಬಯಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ವಿಷಯದ ಆಯ್ಕೆಯಿಂದ ಮಹಾಪ್ರಬಂಧದ ಸಲ್ಲಿಕೆಯವರೆಗೆ ಬಹುತೇಕ ಎಲ್ಲ ಹಂತಗಳೂ ಇಂದು ಅಂತರಜಾಲದ ಮೂಲಕವೇ ನಡೆಯುತ್ತವೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ವಿನಿಯಮಗಳ ಪ್ರಕಾರ, ಕೋರ್ಸ್‌ವರ್ಕ್ ಅವಧಿಯೂ ಸೇರಿದಂತೆ ಪಿಎಚ್.ಡಿ. ವ್ಯಾಸಂಗದ ಕನಿಷ್ಠ ಅವಧಿ 3 ವರ್ಷ ಹಾಗೂ ಗರಿಷ್ಠ ಅವಧಿ 6 ವರ್ಷಗಳಾಗಿರುತ್ತವೆ. ಮರುನೋಂದಣಿಯ ಮೂಲಕ ಗರಿಷ್ಠ 2 ವರ್ಷಗಳ ಹೆಚ್ಚುವರಿ ಅವಧಿಗೆ ಅವಕಾಶವಿದೆ. ಮಹಿಳಾ ಅಭ್ಯರ್ಥಿಗಳಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ ಅಭ್ಯರ್ಥಿಗಳಿಗೆ ಇನ್ನೂ 2 ವರ್ಷಗಳ ಸಡಿಲಿಕೆ ನೀಡಬಹುದಾಗಿದೆ.

ಮಹಾಪ್ರಬಂಧದ ಹೋಲಿಕೆ ಪರೀಕ್ಷೆ, ಉಲ್ಲೇಖಗಳ ಪರಿಶೀಲನೆ ಹಾಗೂ ಪ್ರಕಟಣೆಗಳ ಪರಿಶೀಲನೆಗಳು ಸಾಮಾನ್ಯವಾಗಿ ಈ ಅವಧಿಯ ಕೊನೆಯಲ್ಲಿ ನಡೆಯುತ್ತವೆ. ಆದರೆ ಅವುಗಳಿಗೆ ಬೇಕಾದ ದಾಖಲೆಗಳನ್ನು ಕೊನೆಯಲ್ಲಿ ಸಿದ್ಧಪಡಿಸುವುದು ಸಾಧ್ಯವಾಗುವುದಿಲ್ಲ. ಯಾವ ವಾಕ್ಯವನ್ನು ಯಾವ ಗ್ರಂಥದಿಂದ ಪಡೆಯಲಾಯಿತು, ಯಾವ ಜಾಲಪುಟವನ್ನು ಯಾವ ದಿನ ನೋಡಲಾಯಿತು ಎಂಬ ವಿವರಗಳನ್ನು ಆಯಾ ದಿನವೇ ದಾಖಲಿಸದಿದ್ದಲ್ಲಿ, ನಾಲ್ಕೈದು ವರ್ಷಗಳ ಶ್ರಮವು ಸಲ್ಲಿಕೆಯ ಹಂತದಲ್ಲಿ ತೊಂದರೆಗೆ ಸಿಲುಕುತ್ತದೆ. ಆದ್ದರಿಂದ ಕೆಳಕಂಡ ಸಾಧನಗಳನ್ನು ನೋಂದಣಿಯ ಮೊದಲ ತಿಂಗಳಿನಿಂದಲೇ ಬಳಸುವುದು ಸೂಕ್ತ.

1. ವಿಷಯದ ಆಯ್ಕೆ

ಆಯ್ಕೆ ಮಾಡಿಕೊಳ್ಳಲಿರುವ ವಿಷಯದ ಬಗ್ಗೆ ಈಗಾಗಲೇ ಸಂಶೋಧನೆ ನಡೆದಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಇದಕ್ಕಾಗಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುತ್ತಿರುವ ಎರಡು ಜಾಲತಾಣಗಳು ಉಚಿತವಾಗಿ ಲಭ್ಯವಿವೆ.

(ಅ) ಶೋಧಗಂಗಾ: ಭಾರತೀಯ ವಿಶ್ವವಿದ್ಯಾಲಯಗಳು ಅಂಗೀಕರಿಸಿದ ಮಹಾಪ್ರಬಂಧಗಳ ಭಂಡಾರ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯ ಸಲ್ಲಿಕೆಯನ್ನು ಯುಜಿಸಿಯ 2009ರ ವಿನಿಯಮಗಳು ಕಡ್ಡಾಯಗೊಳಿಸಿದವು. ಕನ್ನಡ ಭಾಷೆಯಲ್ಲಿರುವ ಮಹಾಪ್ರಬಂಧಗಳೂ ಇಲ್ಲಿ ದೊರೆಯುತ್ತವೆ.

(ಆ) ಶೋಧಗಂಗೋತ್ರಿ: ಅನುಮೋದನೆ ಪಡೆದು ಪ್ರಗತಿಯಲ್ಲಿರುವ ಸಂಶೋಧನೆಗಳ ಸಾರಲೇಖಗಳ ಭಂಡಾರ. ಇನ್ನೂ ಮುಗಿಯದ ಕೆಲಸದ ಸುಳಿವು ಇಲ್ಲಿ ಮಾತ್ರ ಸಿಗುವ ಸಂಭವವಿರುವುದರಿಂದ ಇದನ್ನು ಬಿಡದೆ ನೋಡತಕ್ಕದ್ದು.

ಈ ಭಂಡಾರಗಳಲ್ಲಿ ಎಲ್ಲ ವಿಶ್ವವಿದ್ಯಾಲಯಗಳ ಎಲ್ಲ ಕೃತಿಗಳೂ ಇರುವುದಿಲ್ಲ. ಆದ್ದರಿಂದ ಸಂಬಂಧಪಟ್ಟ ವಿಶ್ವವಿದ್ಯಾಲಯದ ಗ್ರಂಥಾಲಯದ ಸೂಚಿಯನ್ನೂ ಪರಿಶೀಲಿಸುವುದು ಅಗತ್ಯ.

2. ಲೇಖನಗಳನ್ನು ಪಡೆಯುವ ವಿಧಾನ

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಅನುಮೋದನೆ ನೀಡಿತು. 2025, 2026 ಹಾಗೂ 2027ನೇ ಸಾಲುಗಳಿಗೆ ಒಟ್ಟು 6,000 ಕೋಟಿ ರೂಪಾಯಿಗಳನ್ನು ಒದಗಿಸಲಾಗಿದ್ದು, 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಈ ಯೋಜನೆಯ ವ್ಯಾಪ್ತಿಗೆ ಬರುತ್ತವೆ. ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಆಡಳಿತಕ್ಕೊಳಪಟ್ಟ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳು ಇದರ ಫಲಾನುಭವಿಗಳಾಗಿರುತ್ತವೆ. ವಿದ್ಯಾರ್ಥಿಗಳು ಪ್ರತ್ಯೇಕ ಶುಲ್ಕ ಪಾವತಿಸಬೇಕಾಗಿಲ್ಲ.

ಆವರಣದ ಹೊರಗಿನಿಂದ ಲೇಖನಗಳನ್ನು ಓದಲು ಸಂಸ್ಥೆಯಿಂದ ನೀಡಲಾಗುವ ಬಳಕೆದಾರರ ಹೆಸರು ಹಾಗೂ ಪಾಸ್‌ವರ್ಡ್ ಅಗತ್ಯ. ಇದನ್ನು ಗ್ರಂಥಪಾಲಕರಿಂದ ಪಡೆಯಬಹುದಾಗಿದೆ. ಈ ಯೋಜನೆಯ ವ್ಯಾಪ್ತಿಗೆ ಬಾರದ ಸಂಸ್ಥೆಗಳ ಅಭ್ಯರ್ಥಿಗಳು 2003ರಲ್ಲಿ ಆರಂಭವಾದ ಮುಕ್ತ ಪತ್ರಿಕೆಗಳ ಸೂಚಿ ‘ಡಿಒಎಜೆ’ ಹಾಗೂ ಖರಗ್‌ಪುರದ ಐಐಟಿ ರೂಪಿಸಿರುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಗಳನ್ನು ಬಳಸಬಹುದು. ಗೂಗಲ್ ಸ್ಕಾಲರ್ ಮೂಲಕ ಶೋಧಿಸಿದಾಗ ಒಂದೇ ಲೇಖನದ ಹಲವು ಪ್ರತಿಗಳ ಪಟ್ಟಿ ದೊರೆಯುವುದರಿಂದ, ಲೇಖಕರೇ ಉಚಿತವಾಗಿ ಇರಿಸಿರುವ ಪ್ರತಿ ಇದೆಯೇ ಎಂದು ನೋಡಬಹುದು.

3. ಕನ್ನಡ ಹಾಗೂ ಕರ್ನಾಟಕ ಕುರಿತ ವಿಷಯಗಳ ಶೋಧನೆ

ಶೋಧ ಯಂತ್ರವು ಕೊಟ್ಟ ಅಕ್ಷರಗಳನ್ನು ಆಧರಿಸಿ ಹುಡುಕುತ್ತದೆ. ಆದ್ದರಿಂದ ಒಂದೇ ಹೆಸರಿನ ಎಲ್ಲ ರೂಪಗಳನ್ನೂ ಪ್ರತ್ಯೇಕವಾಗಿ ಶೋಧಿಸತಕ್ಕದ್ದು.

(ಅ) ಊರುಗಳ ಹೆಸರು: 2014ರ ನವೆಂಬರ್ 1ರಿಂದ ಬ್ಯಾಂಗಲೋರ್, ಮೈಸೂರ್, ಗುಲ್ಬರ್ಗಾ, ಶಿಮೊಗಾ ಮೊದಲಾದ ಹೆಸರುಗಳು ಇಂಗ್ಲಿಷ್ ಬರವಣಿಗೆಯಲ್ಲಿಯೂ ಬೆಂಗಳೂರು, ಮೈಸೂರು, ಕಲಬುರಗಿ, ಶಿವಮೊಗ್ಗ ಎಂದು ಬದಲಾಗಿವೆ. ಅದಕ್ಕೂ ಹಿಂದಿನ ವರದಿಗಳು ಹಳೆಯ ಹೆಸರಿನಲ್ಲಿಯೇ ಇರುತ್ತವೆ.

(ಆ) ವ್ಯಕ್ತಿಗಳ ಹೆಸರು: ಕುವೆಂಪು ಅವರ ಬಗೆಗಿನ ಬರಹಗಳು ಕೆ.ವಿ. ಪುಟ್ಟಪ್ಪ ಎಂಬ ಹೆಸರಿನಲ್ಲಿಯೂ, ಬಸವಣ್ಣನವರ ಬಗೆಗಿನ ಬರಹಗಳು ಬಸವ, ಬಸವೇಶ್ವರ ಎಂಬ ಹೆಸರುಗಳಲ್ಲಿಯೂ ಇರುತ್ತವೆ.

(ಇ) ಲಿಪಿ: ಕನ್ನಡ ಕೃತಿಗಳ ವಿವರಗಳನ್ನು ಕೆಲವು ಸೂಚಿಗಳು ಕನ್ನಡ ಲಿಪಿಯಲ್ಲಿಯೂ ಕೆಲವು ರೋಮನ್ ಲಿಪಿಯಲ್ಲಿಯೂ ದಾಖಲಿಸಿವೆ. ಎರಡರಲ್ಲಿಯೂ ಹುಡುಕತಕ್ಕದ್ದು.

ಹಳೆಯ ಕನ್ನಡ ಗ್ರಂಥಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಹೇರಳವಾಗಿವೆ. ಆದರೆ ಹಲವು ಪ್ರತಿಗಳು ಪುಟಗಳ ಚಿತ್ರಗಳಷ್ಟೇ ಆಗಿದ್ದು, ಒಳಗಿನ ಪದಗಳು ಶೋಧನೆಗೆ ಸಿಗುವುದಿಲ್ಲ. ಇಂತಹ ಗ್ರಂಥಗಳನ್ನು ಶೀರ್ಷಿಕೆಯ ಮೂಲಕ ಪತ್ತೆ ಹಚ್ಚಿ ಪುಟಪುಟವಾಗಿ ಓದಬೇಕಾಗುತ್ತದೆ. ಹುಡುಕಿದಾಗ ಸಿಗಲಿಲ್ಲ ಎಂಬ ಕಾರಣಕ್ಕೆ ಆಕರವೇ ಇಲ್ಲವೆಂದು ಪ್ರಬಂಧದಲ್ಲಿ ಬರೆಯಬಾರದು.

4. ಆಕರಗಳ ದಾಖಲಾತಿ

ಓದಿದ ಪ್ರತಿಯೊಂದು ಆಕರವನ್ನೂ ಉಲ್ಲೇಖ ನಿರ್ವಹಣಾ ತಂತ್ರಾಂಶವೊಂದರಲ್ಲಿ ಸೇರಿಸತಕ್ಕದ್ದು. 2006ರಲ್ಲಿ ಬಿಡುಗಡೆಯಾದ ‘ಜೊಟೆರೊ’ ಉಚಿತ ಹಾಗೂ ಮುಕ್ತ ತಂತ್ರಾಂಶವಾಗಿದ್ದು, ಲೇಖಕರ ಹೆಸರು, ವರ್ಷ, ಪತ್ರಿಕೆ, ಪುಟಸಂಖ್ಯೆಗಳನ್ನು ಜಾಲಪುಟದಿಂದ ತಾನಾಗಿಯೇ ಗ್ರಹಿಸುತ್ತದೆ. ಎಂಎಲ್ಎ, ಎಪಿಎ, ಶಿಕಾಗೊ ಮುಂತಾದ ಶೈಲಿಗಳಲ್ಲಿ ಗ್ರಂಥಋಣವನ್ನು ಸಿದ್ಧಪಡಿಸಿಕೊಡುತ್ತದೆ. ತಾನಾಗಿ ದಾಖಲಾದ ವಿವರಗಳಲ್ಲಿ ತಪ್ಪುಗಳಿರಬಹುದಾದ ಕಾರಣ, ವಿಶೇಷವಾಗಿ ಕನ್ನಡ ಕೃತಿಗಳ ವಿವರಗಳನ್ನು ಮೂಲದೊಂದಿಗೆ ತಾಳೆ ನೋಡತಕ್ಕದ್ದು.

ಟಿಪ್ಪಣಿ ಮಾಡಿಕೊಳ್ಳುವಾಗ ಮೂಲದ ವಾಕ್ಯವನ್ನು ಇದ್ದಂತೆಯೇ ಬರೆದುಕೊಂಡಲ್ಲಿ ಉದ್ಧರಣ ಚಿಹ್ನೆಯನ್ನು ಹಾಗೂ ಪುಟಸಂಖ್ಯೆಯನ್ನು ಅಂದೇ ನಮೂದಿಸತಕ್ಕದ್ದು. ಎರಡು ವರ್ಷಗಳ ನಂತರ ಆ ವಾಕ್ಯ ಸ್ವಂತದ್ದೋ ಬೇರೆಯವರದ್ದೋ ಎಂಬುದು ಬರೆದವರಿಗೇ ನೆನಪಿರುವುದಿಲ್ಲ. ಉದ್ದೇಶವಿಲ್ಲದಿದ್ದರೂ ಕೃತಿಚೌರ್ಯದ ಆಪಾದನೆಗೆ ಗುರಿಯಾಗುವ ಸಂಭವ ಇಲ್ಲಿಯೇ ಹುಟ್ಟುತ್ತದೆ.

ಲೇಖನಗಳಿಗೆ ನೀಡಲಾಗುವ ‘ಡಿಒಐ’ ಸಂಖ್ಯೆ ಇದ್ದಲ್ಲಿ ಅದನ್ನೇ ದಾಖಲಿಸುವುದು ಉತ್ತಮ. ಪ್ರಕಾಶಕರು ಜಾಲತಾಣವನ್ನು ಬದಲಾಯಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಸಾಮಾನ್ಯ ಜಾಲಪುಟಗಳು ಯಾವುದೇ ದಿನ ಕಣ್ಮರೆಯಾಗಬಹುದು. ಅವುಗಳ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ನಲ್ಲಿ ಉಳಿಸಿ, ಆ ಕೊಂಡಿಯನ್ನೂ ನೋಡಿದ ದಿನಾಂಕವನ್ನೂ ನಮೂದಿಸಿಕೊಳ್ಳತಕ್ಕದ್ದು.

5. ಬರವಣಿಗೆ ಹಾಗೂ ಯುನಿಕೋಡ್

ಕನ್ನಡದಲ್ಲಿ ಪ್ರಬಂಧ ಬರೆಯುವವರು ಆರಂಭದಿಂದಲೇ ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡತಕ್ಕದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವು ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಗಣಕದಲ್ಲಿ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳಾಗಿಯೇ ಉಳಿದಿರುತ್ತದೆ. ಇದರಿಂದ ಆ ಪ್ರಬಂಧ ಶೋಧನೆಗೆ ಸಿಗುವುದಿಲ್ಲ ಹಾಗೂ ಆ ಫಾಂಟ್ ಇಲ್ಲದ ಗಣಕದಲ್ಲಿ ಓದಲಾಗುವುದಿಲ್ಲ. ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಬದಲಾಯಿಸಬಹುದು. ಆದರೆ ಪರಿವರ್ತನೆಯ ನಂತರ ಒತ್ತಕ್ಷರ ಹಾಗೂ ಅರ್ಕಾವತ್ತುಗಳಲ್ಲಿ ದೋಷಗಳು ಉಳಿಯುವ ಸಂಭವವಿರುವುದರಿಂದ ಕರಡು ತಿದ್ದುವುದಕ್ಕೆ ಸಾಕಷ್ಟು ಕಾಲಾವಕಾಶ ಇಟ್ಟುಕೊಳ್ಳತಕ್ಕದ್ದು.

6. ದತ್ತಾಂಶದ ರಕ್ಷಣೆ

ಕ್ಷೇತ್ರಕಾರ್ಯದ ಧ್ವನಿಮುದ್ರಿಕೆ, ಛಾಯಾಚಿತ್ರ, ಪ್ರಶ್ನಾವಳಿ ಹಾಗೂ ಅಧ್ಯಾಯಗಳ ಕರಡುಗಳನ್ನು ಕನಿಷ್ಠ ಮೂರು ಪ್ರತಿಗಳಲ್ಲಿ ಇರಿಸತಕ್ಕದ್ದು: ಒಂದು ಬಳಕೆಯ ಗಣಕದಲ್ಲಿ, ಒಂದು ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಸ್ಥಳದಲ್ಲಿ ಅಥವಾ ಅಂತರಜಾಲದ ಸಂಗ್ರಹ ಸೇವೆಯಲ್ಲಿ. ಕಡತದ ಹೆಸರಿನಲ್ಲಿ ದಿನಾಂಕವನ್ನು ಸೇರಿಸಿದಲ್ಲಿ ಯಾವುದು ಇತ್ತೀಚಿನ ಕರಡು ಎಂಬ ಗೊಂದಲ ಉಂಟಾಗುವುದಿಲ್ಲ.

ಮಾಹಿತಿ ನೀಡಿದ ವ್ಯಕ್ತಿಗಳ ಹೆಸರು, ದೂರವಾಣಿ ಸಂಖ್ಯೆ, ಜಾತಿ, ಆರೋಗ್ಯದ ವಿವರಗಳಿರುವ ಕಡತಗಳನ್ನು ಎಲ್ಲರಿಗೂ ತೆರೆದ ಕೊಂಡಿಗಳ ಮೂಲಕ ಹಂಚಿಕೊಳ್ಳಬಾರದು. ಹೆಸರುಗಳ ಬದಲಿಗೆ ಕ್ರಮಸಂಖ್ಯೆ ನೀಡಿ, ಹೆಸರುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇರಿಸತಕ್ಕದ್ದು.

7. ಪತ್ರಿಕೆಗಳ ಆಯ್ಕೆ

ಮಹಾಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಬೇಕೆಂಬ ಷರತ್ತನ್ನು ಯುಜಿಸಿಯ 2022ರ ವಿನಿಯಮಗಳು ಕೈಬಿಟ್ಟಿವೆ. ವಿಶ್ವವಿದ್ಯಾಲಯದ ಸ್ವಂತ ನಿಯಮಗಳಲ್ಲಿ ಈ ಬಗ್ಗೆ ಏನಿದೆ ಎಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು. 2019ರಿಂದ ಬಳಕೆಯಲ್ಲಿದ್ದ ‘ಯುಜಿಸಿ-ಕೇರ್’ ಪತ್ರಿಕೆಗಳ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಸ್ಥಗಿತಗೊಳಿಸಿರುವುದಾಗಿ ಯುಜಿಸಿ ಪ್ರಕಟಿಸಿತು. ಆದ್ದರಿಂದ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಈಗ ಸಂಸ್ಥೆಗಳ ಹಾಗೂ ಸಂಶೋಧನಾರ್ಥಿಗಳ ಮೇಲಿದೆ. ಕೆಳಕಂಡ ಸಂದರ್ಭಗಳಲ್ಲಿ ಎಚ್ಚರ ವಹಿಸತಕ್ಕದ್ದು:

(ಅ) ಕೆಲವೇ ದಿನಗಳಲ್ಲಿ ಪ್ರಕಟಿಸುವ ಭರವಸೆಯೊಂದಿಗೆ ಹಣ ಕೇಳುವ ಇ-ಮೇಲ್ ಬಂದಲ್ಲಿ.
(ಆ) ಸಂಪಾದಕ ಮಂಡಳಿಯ ಸದಸ್ಯರು ನಿಜವಾಗಿ ಆ ಸಂಸ್ಥೆಗಳಲ್ಲಿ ಇರುವುದು ಖಚಿತವಾಗದಿದ್ದಲ್ಲಿ.
(ಇ) ಹೆಸರಾಂತ ಪತ್ರಿಕೆಯ ಹೆಸರಿನಲ್ಲಿಯೇ ಬೇರೊಂದು ಜಾಲತಾಣ ಕಂಡುಬಂದಲ್ಲಿ.
(ಈ) ಐಎಸ್ಎಸ್ಎನ್ ಸಂಖ್ಯೆಯನ್ನೇ ಗುಣಮಟ್ಟದ ಸಾಕ್ಷಿಯೆಂದು ತೋರಿಸಿದಲ್ಲಿ. ಸದರಿ ಸಂಖ್ಯೆಯು ಪತ್ರಿಕೆಯನ್ನು ಗುರುತಿಸುತ್ತದೆಯೇ ಹೊರತು ಅದರ ಯೋಗ್ಯತೆಯನ್ನು ದೃಢೀಕರಿಸುವುದಿಲ್ಲ.

8. ಹೋಲಿಕೆ ಪರೀಕ್ಷೆ ಹಾಗೂ ದಂಡನೆ

ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಶೋಧಶುದ್ಧಿ’ ಯೋಜನೆಯಡಿ 2019ರಿಂದ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಪತ್ತೆ ಹಚ್ಚುವ ತಂತ್ರಾಂಶವನ್ನು ಒದಗಿಸುತ್ತಿದೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ವಿನಿಯಮಗಳನ್ವಯ ಮಹಾಪ್ರಬಂಧಗಳಿಗೆ ಅನ್ವಯಿಸುವ ಹಂತಗಳು ಹೀಗಿವೆ:

ಶೇ. 10ರವರೆಗೆ: ದಂಡನೆ ಇಲ್ಲ.
ಶೇ. 10ಕ್ಕಿಂತ ಹೆಚ್ಚು, ಶೇ. 40ರವರೆಗೆ: 6 ತಿಂಗಳು ಮೀರದ ನಿಗದಿತ ಅವಧಿಯಲ್ಲಿ ಪರಿಷ್ಕೃತ ಪ್ರತಿ ಸಲ್ಲಿಸಬೇಕು.
ಶೇ. 40ಕ್ಕಿಂತ ಹೆಚ್ಚು, ಶೇ. 60ರವರೆಗೆ: ಪರಿಷ್ಕೃತ ಪ್ರತಿ ಸಲ್ಲಿಸುವುದಕ್ಕೆ 1 ವರ್ಷ ನಿರ್ಬಂಧ.
ಶೇ. 60ಕ್ಕಿಂತ ಹೆಚ್ಚು: ನೋಂದಣಿ ರದ್ದು.

ಪದವಿ ಪಡೆದ ನಂತರ ಕೃತಿಚೌರ್ಯ ಸಾಬೀತಾದಲ್ಲಿಯೂ ಪದವಿಯನ್ನು ನಿರ್ದಿಷ್ಟ ಅವಧಿಗೆ ಅಮಾನತಿನಲ್ಲಿಡಲು ಅವಕಾಶವಿದೆ. ಸೂಕ್ತ ಆಧಾರ ನೀಡಿದ ಉದ್ಧರಣಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ ಹಾಗೂ ಕೃತಜ್ಞತೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಪ್ರತಿ ಅಧ್ಯಾಯ ಮುಗಿದಾಗ ಮಾರ್ಗದರ್ಶಕರ ಮೂಲಕ ಪರೀಕ್ಷೆ ಮಾಡಿಸಿಕೊಂಡಲ್ಲಿ ಕೊನೆಯ ಹಂತದ ವಿಳಂಬವನ್ನು ತಪ್ಪಿಸಬಹುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಸಾಧನಗಳು ನೀಡುವ ಆಕರಗಳ ಪಟ್ಟಿಯನ್ನು ಬಳಸಬಹುದೇ?
ಉತ್ತರ: ನೇರವಾಗಿ ಬಳಸಬಾರದು. ಇಂತಹ ಸಾಧನಗಳು ಅಸ್ತಿತ್ವದಲ್ಲಿಯೇ ಇಲ್ಲದ ಲೇಖನ, ಲೇಖಕ ಹಾಗೂ ಡಿಒಐ ಸಂಖ್ಯೆಗಳನ್ನು ನಿಜವೆಂಬಂತೆ ನೀಡುವುದುಂಟು. ಮೂಲ ಕೃತಿಯನ್ನು ಸ್ವತಃ ನೋಡಿದ ನಂತರವೇ ಉಲ್ಲೇಖಿಸತಕ್ಕದ್ದು. ಬರವಣಿಗೆಯಲ್ಲಿ ಇವುಗಳ ನೆರವಿಗೆ ಎಷ್ಟು ಅವಕಾಶವಿದೆ ಎಂಬುದನ್ನು ವಿಶ್ವವಿದ್ಯಾಲಯದಿಂದ ತಿಳಿದುಕೊಳ್ಳತಕ್ಕದ್ದು.

ಪ್ರಶ್ನೆ: ಉಲ್ಲೇಖಿಸಿದ ಲೇಖನವನ್ನು ಪತ್ರಿಕೆಯೇ ಹಿಂಪಡೆದಿದ್ದರೆ ತಿಳಿಯುವುದು ಹೇಗೆ?
ಉತ್ತರ: ಹಿಂಪಡೆದ ಲೇಖನಗಳ ‘ರಿಟ್ರಾಕ್ಷನ್ ವಾಚ್’ ದತ್ತಸಂಚಯವು 2023ರಿಂದ ಸಾರ್ವಜನಿಕರಿಗೆ ಮುಕ್ತವಾಗಿದೆ. ಜೊಟೆರೊ ತಂತ್ರಾಂಶವೂ ಇಂತಹ ಲೇಖನಗಳ ಬಗ್ಗೆ ಎಚ್ಚರಿಕೆ ನೀಡುತ್ತದೆ.

ಪ್ರಶ್ನೆ: ಒಂದೇ ಹೆಸರಿನ ಹಲವು ಲೇಖಕರಿದ್ದಲ್ಲಿ ಏನು ಮಾಡಬೇಕು?
ಉತ್ತರ: ‘ಆರ್ಕಿಡ್’ ಸಂಸ್ಥೆಯು ಸಂಶೋಧಕರಿಗೆ 16 ಅಂಕಿಗಳ ಗುರುತಿನ ಸಂಖ್ಯೆಯನ್ನು ಉಚಿತವಾಗಿ ನೀಡುತ್ತದೆ. ಇದನ್ನು ಮೊದಲ ಲೇಖನಕ್ಕೂ ಮುನ್ನವೇ ಪಡೆಯುವುದು ಒಳಿತು.

ಪ್ರಶ್ನೆ: ಮಹಾಪ್ರಬಂಧವನ್ನು ಶೋಧಗಂಗಾಕ್ಕೆ ಯಾರು ಸೇರಿಸುತ್ತಾರೆ?
ಉತ್ತರ: ಮೌಲ್ಯಮಾಪನ ಯಶಸ್ವಿಯಾಗಿ ಮುಗಿದ ನಂತರ, ಪದವಿ ಘೋಷಣೆಗೆ ಮುನ್ನ, ಸಂಬಂಧಪಟ್ಟ ವಿಶ್ವವಿದ್ಯಾಲಯವು ವಿದ್ಯುನ್ಮಾನ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಸಲ್ಲಿಸುತ್ತದೆ. ಅಭ್ಯರ್ಥಿಯು ಓದಲು ಹಾಗೂ ಹುಡುಕಲು ಸಾಧ್ಯವಾಗುವ ಯುನಿಕೋಡ್ ಆಧಾರಿತ ಪಿಡಿಎಫ್ ಕಡತವನ್ನು ಒದಗಿಸುವುದು ಸೂಕ್ತ.

ಗಮನಿಸಿ: ಯುಜಿಸಿ ವಿನಿಯಮಗಳ ಚೌಕಟ್ಟಿನಲ್ಲಿ ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನದೇ ಆದ ನಿಯಮಗಳನ್ನು ಹೊಂದಿರುತ್ತದೆ. ಹೆಚ್ಚಿನ ಮಾಹಿತಿಗಾಗಿ ಅಭ್ಯರ್ಥಿಗಳು ತಮ್ಮ ಮಾರ್ಗದರ್ಶಕರನ್ನು, ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗವನ್ನು ಅಥವಾ ಗ್ರಂಥಪಾಲಕರನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.