ಸೋವಿಯತ್ ಪದಕದ ಹಿಂದಿರುವ ಸಂಖ್ಯೆ ಯಾರದ್ದು? ಯೋಧನ ಕಥೆ ಪತ್ತೆಹಚ್ಚುವುದು ಹೀಗೆ

ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಯ ವಿರುದ್ಧ ಕಾದಾಡಿದ ಸೋವಿಯತ್ ಯೋಧರ ಪದಕಗಳು ಇಂದು ರಷ್ಯಾದ ಮ್ಯೂಸಿಯಂಗಳಲ್ಲಿ ಮಾತ್ರವಲ್ಲ, ಹಲವು ದೇಶಗಳ ಸಂಗ್ರಾಹಕರ ಪೆಟ್ಟಿಗೆಗಳಲ್ಲೂ ಇವೆ. 'ಕೆಂಪು ನಕ್ಷತ್ರ'ವನ್ನೇ ತೆಗೆದುಕೊಳ್ಳಿ. ಮುಂಭಾಗದಲ್ಲಿ ಕೆಂಪು ಎನಾಮಲ್, ನಡುವೆ ಬಂದೂಕು ಹಿಡಿದು ನಿಂತ ಸೈನಿಕ. ತಿರುಗಿಸಿ ನೋಡಿದರೆ ಒಂದು ತಿರುಪು, ಒಂದು ಸಂಖ್ಯೆ. ಹೆಸರಿಲ್ಲ, ಊರಿಲ್ಲ, ಯಾವ ಕದನದಲ್ಲಿ ಸಿಕ್ಕಿದ್ದೆಂಬ ಮಾಹಿತಿಯೂ ಇಲ್ಲ.

ಆ ಯೋಧ ಯಾರು, ಏನು ಮಾಡಿದ್ದಕ್ಕೆ ಈ ಗೌರವ ಸಿಕ್ಕಿತು ಎಂಬುದು ಪದಕದಲ್ಲಿಲ್ಲ, ಕಾಗದದಲ್ಲಿದೆ. ಅಂಥ ಲಕ್ಷಾಂತರ ಕಾಗದಗಳು ಇಂದಿಗೂ ಉಳಿದಿವೆ. ಅವು ಎಲ್ಲಿವೆ, ಅವುಗಳನ್ನು ಓದುವುದು ಹೇಗೆ, ಎಷ್ಟರಮಟ್ಟಿಗೆ ನಂಬಬಹುದು? ವಿವರ ಇಲ್ಲಿದೆ.

ಹೆಸರಿಲ್ಲ, ಸಂಖ್ಯೆ ಮಾತ್ರ

ಬ್ರಿಟಿಷ್ ಕಾಲದ ಭಾರತೀಯ ಸೇನೆಯಲ್ಲಿ ಪದಕದ ಅಂಚಿನ ಮೇಲೆ ಸೈನಿಕನ ನಂಬರ್, ಹುದ್ದೆ, ಹೆಸರು ಕೊರೆಯುವ ವಾಡಿಕೆ ಇತ್ತು. ಸೋವಿಯತ್ ಪದ್ಧತಿ ಬೇರೆ. ಅಲ್ಲಿ 'ಆರ್ಡರ್' ಮತ್ತು 'ಮೆಡಲ್' ಎಂಬ ಎರಡು ವರ್ಗಗಳಿದ್ದವು. ಆರ್ಡರ್ ಮೇಲಿನ ದರ್ಜೆಯ ಗೌರವ. ಅದರ ಹಿಂಭಾಗದಲ್ಲಿ ಕ್ರಮಸಂಖ್ಯೆ ಇರುತ್ತಿತ್ತು. ಪಡೆದವರ ಕೈಗೆ ಒಂದು ಚಿಕ್ಕ ಪುಸ್ತಿಕೆ ಕೊಟ್ಟು ಅದರಲ್ಲಿ ಹೆಸರು ಮತ್ತು ಸಂಖ್ಯೆ ನಮೂದಿಸುತ್ತಿದ್ದರು. ಪುಸ್ತಿಕೆಯೂ ಪದಕವೂ ಒಟ್ಟಿಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಹುಡುಕಾಟದಲ್ಲಿ ಹೆಚ್ಚಾಗಿ ಎದುರಾಗುವ ಗೌರವಗಳು ಇವು:

• ಕೆಂಪು ನಕ್ಷತ್ರ ಆರ್ಡರ್: 1930ರಲ್ಲಿ ಸ್ಥಾಪನೆ. ಯುದ್ಧದ ಅವಧಿಯಲ್ಲೇ 20 ಲಕ್ಷಕ್ಕೂ ಹೆಚ್ಚು ಬಾರಿ ನೀಡಲಾಯಿತು.

• 'ಜಾ ಒತ್ವಾಗು', ಅಂದರೆ 'ಧೈರ್ಯಕ್ಕಾಗಿ' ಪದಕ: 1938ರಲ್ಲಿ ಆರಂಭ. ಯುದ್ಧದಲ್ಲಿ 40 ಲಕ್ಷಕ್ಕೂ ಹೆಚ್ಚು. ಸಾಮಾನ್ಯ ಸಿಪಾಯಿಗಳು ಅತ್ಯಂತ ಹೆಮ್ಮೆಪಡುತ್ತಿದ್ದ ಬೆಳ್ಳಿ ಪದಕ ಇದು. ಮೆಡಲ್ ಆದರೂ ಯುದ್ಧಕಾಲದ ಪ್ರತಿಗಳ ಮೇಲೆ ಸಂಖ್ಯೆ ಇದೆ.

• ದೇಶಭಕ್ತಿ ಯುದ್ಧ ಆರ್ಡರ್: 1942ರ ಮೇ 20ರಂದು ಸ್ಥಾಪನೆ, ಎರಡು ದರ್ಜೆ. ಯಾವ ಸಾಹಸಕ್ಕೆ ಇದು ಸಲ್ಲುತ್ತದೆ ಎಂಬುದನ್ನು ನಿಯಮದಲ್ಲೇ ಲೆಕ್ಕ ಹಾಕಿ ಬರೆಯಲಾಗಿತ್ತು. ಉದಾಹರಣೆಗೆ, ಫಿರಂಗಿಯಿಂದ ತಾನೇ ಎರಡು ಭಾರಿ ಅಥವಾ ಮಧ್ಯಮ ಟ್ಯಾಂಕ್, ಇಲ್ಲವೇ ಮೂರು ಹಗುರ ಟ್ಯಾಂಕ್ ನಾಶಮಾಡಿದವನಿಗೆ ಮೊದಲ ದರ್ಜೆ.

• ಗ್ಲೋರಿ ಆರ್ಡರ್: 1943ರ ನವೆಂಬರ್ 8ರಂದು ಸ್ಥಾಪನೆ, ಮೂರು ದರ್ಜೆ. ಮುಖ್ಯವಾಗಿ ಸಿಪಾಯಿ ಮತ್ತು ಸಾರ್ಜೆಂಟ್‌ಗಳಿಗೆ ಮೀಸಲು. ಮೂರನೇ ದರ್ಜೆ ಪಡೆದವರು ಸುಮಾರು 10 ಲಕ್ಷ ಮಂದಿಯಾದರೆ, ಮೊದಲ ದರ್ಜೆಯವರೆಗೆ ತಲುಪಿದವರು ಸುಮಾರು 2,600 ಮಾತ್ರ.

ಇನ್ನು ಲೆನಿನ್‌ಗ್ರಾಡ್ ಅಥವಾ ಸ್ಟಾಲಿನ್‌ಗ್ರಾಡ್ ರಕ್ಷಣೆ, ಬರ್ಲಿನ್ ವಶ, ಜರ್ಮನಿ ಮೇಲಿನ ವಿಜಯ ಮುಂತಾದವುಗಳ ಸ್ಮರಣೆಗೆ ಕೊಟ್ಟ ಪದಕಗಳಿಗೆ ಸಂಖ್ಯೆಯೇ ಇಲ್ಲ. ಜರ್ಮನಿ ವಿಜಯದ ಪದಕವೊಂದೇ ಸುಮಾರು 1.5 ಕೋಟಿ ಜನರಿಗೆ ಸಿಕ್ಕಿದೆ. ಜೊತೆಗೆ ಕೊಟ್ಟ ಪ್ರಮಾಣಪತ್ರ ಕಳೆದುಹೋಗಿದ್ದರೆ, ಅಂಥ ಪದಕ ಯಾರದ್ದೆಂದು ಹೇಳಲು ಸಾಧ್ಯವೇ ಇಲ್ಲ.

ದಾಖಲೆ ಎಲ್ಲಿದೆ?

ಮಾಸ್ಕೋದ ದಕ್ಷಿಣಕ್ಕಿರುವ ಪೊದೊಲ್ಸ್ಕ್ ಪಟ್ಟಣದಲ್ಲಿ ರಷ್ಯಾ ರಕ್ಷಣಾ ಸಚಿವಾಲಯದ ಕೇಂದ್ರ ಪತ್ರಾಗಾರವಿದೆ. ಯುದ್ಧಕಾಲದ ಆದೇಶಗಳು, ಶಿಫಾರಸು ಪತ್ರಗಳು, ಪ್ರತಿ ಯೋಧನ ಪದಕಗಳ ಲೆಕ್ಕ ಇಟ್ಟ ಕಾರ್ಡ್‌ಗಳು ಇಲ್ಲಿವೆ. ದಶಕಗಳ ಕಾಲ ಹೊರಗಿನವರಿಗೆ ಇವು ಎಟುಕುತ್ತಿರಲಿಲ್ಲ.

ಡಿಜಿಟಲ್ ಪ್ರತಿಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 2007ರಲ್ಲಿ ಮಡಿದವರ ಮತ್ತು ಕಾಣೆಯಾದವರ ದಾಖಲೆಗಳ 'ಮೆಮೋರಿಯಲ್' ತಾಣ ಬಂತು. 2010ರಲ್ಲಿ ಪದಕಗಳ ದಾಖಲೆಗಳಿಗೆಂದೇ 'ಪೊದ್ವಿಗ್ ನರೋದಾ' (ಜನರ ಸಾಹಸ) ಆರಂಭವಾಯಿತು. 2015ರಲ್ಲಿ ಇವುಗಳ ಜೊತೆ ಪಡೆಗಳ ಯುದ್ಧ ದಿನಚರಿ, ನಕ್ಷೆಗಳನ್ನೂ ಜೋಡಿಸಿ 'ಪಾಮ್ಯತ್ ನರೋದಾ' (ಜನರ ನೆನಪು) ತಾಣ ಬಂತು.

ಈ ತಾಣಗಳಲ್ಲಿ ಹುಡುಕಾಟ ನಡೆಯುವುದು ಮುಖ್ಯವಾಗಿ ಯೋಧನ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷದ ಮೇಲೆ. ಹೆಸರು ಗೊತ್ತಿದ್ದರೆ ದಾರಿ ಸುಲಭ. ಕೈಯಲ್ಲಿ ಬರೀ ಪದಕದ ಸಂಖ್ಯೆ ಇದ್ದರೆ, ಅದರಿಂದ ಹೆಸರಿಗೆ ಹೋಗಲು ಪತ್ರಾಗಾರದೊಳಗಿನ ದಾಖಲೆಗಳೇ ಬೇಕು.

ಒಂದೇ ಪುಟದಲ್ಲಿ ಒಂದು ಜೀವನ

ಹುಡುಕುವವರು ಮುಖ್ಯವಾಗಿ ಅರಸುವುದು 'ನಗ್ರದ್ನೊಯ್ ಲಿಸ್ತ್' ಎಂಬ ಶಿಫಾರಸು ಪತ್ರವನ್ನು. ಮೇಲ್ಭಾಗದಲ್ಲಿ ಹೆಸರು, ಹುದ್ದೆ, ಪಡೆ, ಹುಟ್ಟಿದ ವರ್ಷ, ಜನಾಂಗ, ಪಕ್ಷದ ಸದಸ್ಯತ್ವ, ಯಾವಾಗ ಗಾಯಗೊಂಡಿದ್ದ, ಹಿಂದೆ ಯಾವ ಪದಕ ಸಿಕ್ಕಿತ್ತು, ಯಾವ ಊರಿನ ಕಚೇರಿ ಮೂಲಕ ಸೇನೆಗೆ ಸೇರಿದ, ಮನೆ ವಿಳಾಸ ಏನು ಎಂಬ ಅಂಕಣಗಳಿವೆ. ಕೆಳಗೆ ಆತ ಮಾಡಿದ ಸಾಹಸದ ಸಂಕ್ಷಿಪ್ತ ವಿವರ. ಕೊನೆಯಲ್ಲಿ ತುಕಡಿಯ ನಾಯಕನ ಸಹಿ, ಅದರ ನಂತರ ಮೇಲಧಿಕಾರಿಗಳ ಅಭಿಪ್ರಾಯ.

ಎಲ್ಲರಿಗೂ ಇಂಥ ಪೂರ್ಣ ಪುಟ ಇರುವುದಿಲ್ಲ. ಯುದ್ಧ ತೀವ್ರವಾದಾಗ ಪದಕ ಕೊಡುವ ಅಧಿಕಾರವನ್ನು ಕೆಳಹಂತದ ಕಮಾಂಡರ್‌ಗಳಿಗೂ ನೀಡಲಾಯಿತು. ರೆಜಿಮೆಂಟ್ ಮಟ್ಟದಲ್ಲಿ ಕೊಟ್ಟ 'ಧೈರ್ಯಕ್ಕಾಗಿ' ಪದಕಕ್ಕೆ ಆದೇಶದಲ್ಲಿ ಎರಡು-ಮೂರು ಸಾಲಿನ ಕಾರಣ ಮಾತ್ರ ಸಿಗುತ್ತದೆ. ಗುಂಡಿನ ಮಳೆಯಲ್ಲಿ ತುಂಡಾದ ಟೆಲಿಫೋನ್ ತಂತಿ ಜೋಡಿಸಿದ್ದು, ಗಾಯಾಳುಗಳನ್ನು ಹೊತ್ತು ತಂದದ್ದು ಇಂಥ ಸಾಲುಗಳಲ್ಲೇ ದಾಖಲಾಗಿವೆ. ಎಷ್ಟೋ ಕುಟುಂಬಗಳಿಗೆ ಅಜ್ಜ ಯುದ್ಧದಲ್ಲಿ ಏನು ಮಾಡಿದ ಎಂಬುದಕ್ಕೆ ಇರುವ ಏಕೈಕ ಬರಹ ಅದು.

ಓದುವಾಗ ಎಚ್ಚರ

ಕಾಗದ ಸಿಕ್ಕ ಮಾತ್ರಕ್ಕೆ ಅದರಲ್ಲಿರುವುದೆಲ್ಲ ಸತ್ಯ ಎಂದುಕೊಳ್ಳುವಂತಿಲ್ಲ. ಗಮನಿಸಬೇಕಾದ ಅಂಶಗಳಿವು:

1. ಇದು ಶಿಫಾರಸು, ಸಾಕ್ಷ್ಯವಲ್ಲ. ತನ್ನ ಸೈನಿಕನಿಗೆ ಪದಕ ಸಿಗಲೆಂದು ಅಧಿಕಾರಿ ಬರೆದದ್ದು. ಕೊಂದ ಶತ್ರುಗಳ ಲೆಕ್ಕ ಹಿಗ್ಗಿರುವ ಸಾಧ್ಯತೆ ಇದೆ. ಅದೇ ದಿನದ ಪಡೆಯ ಯುದ್ಧ ದಿನಚರಿಯ ಜೊತೆ ತಾಳೆ ನೋಡಬೇಕು.

2. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಆಗಿರಬಹುದು. ಮೇಲಧಿಕಾರಿಗಳು ದರ್ಜೆ ಇಳಿಸಿ ಚಿಕ್ಕ ಪದಕ ಕೊಡಿಸಿದ ಉದಾಹರಣೆಗಳು ಸಾಕಷ್ಟಿವೆ.

3. ಹೆಸರಿನ ಕಾಗುಣಿತ ತಪ್ಪಿರುವುದು ಸಾಮಾನ್ಯ. ಕಜಕ್, ಉಜ್ಬೆಕ್, ಜಾರ್ಜಿಯನ್ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ರಷ್ಯನ್ ಲಿಪಿಯಲ್ಲಿ ಬರೆದರು. ಹಾಗಾಗಿ ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಬೇಕು.

4. ಎಲ್ಲ ಪದಕವೂ ಸಾಹಸಕ್ಕೆ ಸಿಕ್ಕಿದ್ದಲ್ಲ. 1944ರ ಜೂನ್‌ನಿಂದ ಕೆಲವು ವರ್ಷ, 15 ವರ್ಷ ಸೇವೆ ಸಲ್ಲಿಸಿದವರಿಗೂ ಕೆಂಪು ನಕ್ಷತ್ರ ಕೊಡಲಾಗುತ್ತಿತ್ತು. 1985ರಲ್ಲಿ ವಿಜಯದ 40ನೇ ವರ್ಷಾಚರಣೆಗೆ, ಬದುಕಿದ್ದ ಮಾಜಿ ಯೋಧರಿಗೆ ದೇಶಭಕ್ತಿ ಯುದ್ಧ ಆರ್ಡರ್ ಅನ್ನು ಸಾಮೂಹಿಕವಾಗಿ ನೀಡಲಾಯಿತು.

ಸೊಲ್ಜೆನಿತ್ಸಿನ್ ಕಡತ ಹೇಳುವುದೇನು?

ಒಂದು ಪದಕದ ಕಾಗದ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದಕ್ಕೆ 1970ರ ನೊಬೆಲ್ ಪ್ರಶಸ್ತಿ ವಿಜೇತ ಲೇಖಕ ಅಲೆಕ್ಸಾಂಡರ್ ಸೊಲ್ಜೆನಿತ್ಸಿನ್ ಒಳ್ಳೆಯ ಉದಾಹರಣೆ. ಶಬ್ದದ ಜಾಡು ಹಿಡಿದು ಶತ್ರು ಫಿರಂಗಿಗಳ ಜಾಗ ಪತ್ತೆಮಾಡುವ ತುಕಡಿಗೆ ಅವರು ಕಮಾಂಡರ್ ಆಗಿದ್ದರು. 1943ರಲ್ಲಿ ಎರಡನೇ ದರ್ಜೆಯ ದೇಶಭಕ್ತಿ ಯುದ್ಧ ಆರ್ಡರ್, 1944ರಲ್ಲಿ ಕೆಂಪು ನಕ್ಷತ್ರ ಪಡೆದರು.

1945ರ ಫೆಬ್ರುವರಿಯಲ್ಲಿ ಪೂರ್ವ ಪ್ರಷ್ಯದ ಯುದ್ಧಭೂಮಿಯಲ್ಲೇ ಅವರನ್ನು ಬಂಧಿಸಲಾಯಿತು. ಗೆಳೆಯನಿಗೆ ಬರೆದ ಪತ್ರಗಳಲ್ಲಿ ಸ್ಟಾಲಿನ್‌ನನ್ನು ಟೀಕಿಸಿದ್ದೇ ಅಪರಾಧ. ಸಿಕ್ಕಿದ್ದು 8 ವರ್ಷ ಶಿಕ್ಷೆ. 1957ರಲ್ಲಿ ಸುಪ್ರೀಂ ಕೋರ್ಟ್‌ನ ಮಿಲಿಟರಿ ವಿಭಾಗ ಅವರನ್ನು ನಿರ್ದೋಷಿ ಎಂದು ಘೋಷಿಸಿದಾಗ, ಯುದ್ಧದಲ್ಲಿ ಅವರು ತೋರಿದ ಧೈರ್ಯದ ವರದಿಯನ್ನೂ ಪರಿಗಣಿಸಿತು. ಪದಕದ ಕಾಗದ ಮಾತ್ರ ಓದಿದವರಿಗೆ ಜೈಲು ಕಾಣುವುದಿಲ್ಲ. ಜೈಲಿನ ಕಡತ ಮಾತ್ರ ಓದಿದವರಿಗೆ ಯೋಧ ಕಾಣುವುದಿಲ್ಲ.

ಇಬ್ಬರು ಭಾರತೀಯರಿಗೂ ಕೆಂಪು ನಕ್ಷತ್ರ

ಈ ಪದಕಗಳ ಪಟ್ಟಿಯಲ್ಲಿ ಭಾರತೀಯರ ಹೆಸರೂ ಇದೆ. 1944ರ ಮೇ 23ರ ಸೋವಿಯತ್ ಆದೇಶದಂತೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಚಂದ್ ಅವರಿಗೆ ಕೆಂಪು ನಕ್ಷತ್ರ ಸಂದಿತು. ಇರಾನ್ ಮಾರ್ಗವಾಗಿ ಸೋವಿಯತ್ ಒಕ್ಕೂಟಕ್ಕೆ ಯುದ್ಧ ಸಾಮಗ್ರಿ ಸಾಗಿಸುವ ಕಾರ್ಯದಲ್ಲಿ ಈ ಕೋರ್ ಪಾಲ್ಗೊಂಡಿತ್ತು. ಬಂದೂಕು ಹಿಡಿದು ಕಾದಾಡಿದವರಷ್ಟೇ ಅಲ್ಲ, ಸಾಮಾನು ಹೊತ್ತ ಲಾರಿಗಳನ್ನು ಮುಟ್ಟಿಸಿದವರೂ ಆ ಗೆಲುವಿನ ಭಾಗ ಎಂಬುದನ್ನು ಈ ಆದೇಶ ನೆನಪಿಸುತ್ತದೆ.

ಮಾರಿದರೆ ಕಥೆ ತುಂಡಾಗುತ್ತದೆ

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಬಳಿಕ ಬೆಲೆಯೇರಿಕೆ, ಬಡತನಕ್ಕೆ ಸಿಲುಕಿದ ಎಷ್ಟೋ ಕುಟುಂಬಗಳು ಪದಕ ಮಾರಿದವು. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ವಿದೇಶಿ ಪ್ರವಾಸಿಗರು ಅವನ್ನು ಸ್ಮರಣಿಕೆಗಳಂತೆ ಕೊಂಡರು. ರಷ್ಯಾದ ಅಪರಾಧ ಸಂಹಿತೆಯ 324ನೇ ವಿಧಿಯ ಪ್ರಕಾರ ಸೋವಿಯತ್ ಮತ್ತು ರಷ್ಯಾ ಸರ್ಕಾರದ ಪದಕಗಳನ್ನು ಅಕ್ರಮವಾಗಿ ಕೊಳ್ಳುವುದು, ಮಾರುವುದು ಅಪರಾಧ.

ಕಾನೂನಿನ ಮಾತು ಹಾಗಿರಲಿ. ಒಬ್ಬನಿಗೆ ಸಿಕ್ಕ ಮೂರು-ನಾಲ್ಕು ಪದಕಗಳನ್ನು ಬಿಡಿಬಿಡಿಯಾಗಿ ಮಾರಿ, ಪುಸ್ತಿಕೆಯನ್ನು ಬೇರೊಬ್ಬರಿಗೆ ಕೊಟ್ಟರೆ ಅವನ್ನು ಮತ್ತೆ ಒಂದುಗೂಡಿಸುವುದು ಬಹಳ ಕಷ್ಟ. ಹಳೆಯ ಸಂಖ್ಯೆ ಅಳಿಸಿ ಹೊಸದು ಕೊರೆಯುವ ವಂಚಕರೂ ಇದ್ದಾರೆ. ಅಂಥ ಪದಕದ ಸಂಖ್ಯೆ ಹಿಡಿದು ಹೋದರೆ ಬೇರೆಯವನ ಮನೆ ಬಾಗಿಲಿಗೆ ತಲುಪಬೇಕಾಗುತ್ತದೆ. ನಿಮ್ಮ ಬಳಿ ಇಂಥ ಪದಕವಿದ್ದರೆ ಹಿಂಭಾಗವನ್ನು ಉಜ್ಜಿ ಹೊಳಪು ಬರಿಸಲು ಹೋಗಬೇಡಿ. ಸಂಖ್ಯೆಯ ಸ್ಪಷ್ಟ ಫೋಟೊ ತೆಗೆದು, ಜೊತೆಗಿರುವ ಪ್ರತಿಯೊಂದು ಕಾಗದವನ್ನೂ ಒಟ್ಟಿಗೇ ಇಡಿ.

ಪದಕವೇ ಸಿಗದವರು

ಈ ಹುಡುಕಾಟಕ್ಕೆ ಒಂದು ಮಿತಿಯೂ ಇದೆ. 1941ರಲ್ಲಿ ಸೋವಿಯತ್ ಸೇನೆ ಹಿಮ್ಮೆಟ್ಟುತ್ತಿದ್ದಾಗ ಪದಕಗಳನ್ನು ಕೊಟ್ಟದ್ದೇ ಕಡಿಮೆ. ಸುತ್ತುವರಿಯಲ್ಪಟ್ಟ ಪಡೆಗಳಲ್ಲಿ ಶಿಫಾರಸು ಬರೆಯಬೇಕಾದ ಅಧಿಕಾರಿಯೂ ಸಾಯುತ್ತಿದ್ದ, ಬರೆದ ಕಾಗದವೂ ಸುಡುತ್ತಿತ್ತು. ಇನ್ನು ಕೆಲವರಿಗೆ ಪದಕ ಮಂಜೂರಾದರೂ, ಅಷ್ಟರಲ್ಲಿ ಗಾಯಗೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿದ್ದರಿಂದ ಅದು ಕೈ ಸೇರಲಿಲ್ಲ. ದಶಕಗಳ ನಂತರ ಅಂಥವರನ್ನು ಹುಡುಕಿ ಪದಕ ತಲುಪಿಸಿದ ಪ್ರಸಂಗಗಳೂ ಉಂಟು.

ರಷ್ಯಾದ ಅಧಿಕೃತ ಲೆಕ್ಕದ ಪ್ರಕಾರ ಯುದ್ಧದಲ್ಲಿ ಮಡಿದ ಸೋವಿಯತ್ ಯೋಧರು ಸುಮಾರು 87 ಲಕ್ಷ. ಅವರಲ್ಲಿ ಬಹಳಷ್ಟು ಜನರ ಎದೆಯ ಮೇಲೆ ಯಾವ ಪದಕವೂ ಇರಲಿಲ್ಲ. ಹಾಗಾಗಿ ಪೊದೊಲ್ಸ್ಕ್‌ನಲ್ಲಿ ಶಿಫಾರಸು ಪತ್ರ ಸಿಗಲಿಲ್ಲ ಎಂದ ಮಾತ್ರಕ್ಕೆ ಆ ಯೋಧ ಏನೂ ಮಾಡಲಿಲ್ಲ ಎಂದು ಅರ್ಥವಲ್ಲ. ಅವನು ಮಾಡಿದ್ದನ್ನು ಬರೆದಿಡಲು ಆ ದಿನ ಯಾರೂ ಉಳಿದಿರಲಿಲ್ಲ ಎಂದೂ ಇರಬಹುದು.