ಅಂಗಳದಾಚೆಯ ನಡತೆ ಮತ್ತು ಕ್ರೀಡಾ ಲೀಗ್‌ಗಳ ನಿರ್ಬಂಧ: ಮೈಸೂರು ಮತ್ತು ಕರ್ನಾಟಕದ ಚರಿತ್ರೆ

ಪಂದ್ಯ ಮತ್ತು ಅಭ್ಯಾಸದ ಹೊತ್ತು ಕಳೆದ ಮೇಲೆ ವೃತ್ತಿಪರ ಆಟಗಾರರು ಯಾರೊಡನೆ ಒಡನಾಡಬೇಕು, ಏನು ಮಾತಾಡಬೇಕು, ಎಲ್ಲಿ ತಂಗಬೇಕು ಎಂಬುದರ ಮೇಲೆ ಲೀಗ್‌ಗಳು, ಕ್ರೀಡಾ ಮಂಡಳಿಗಳು ಮತ್ತು ಫ್ರಾಂಚೈಸಿಗಳು ಹಾಕುವ ಕಟ್ಟುಪಾಡುಗಳನ್ನು ಒಟ್ಟಾಗಿ ಅಂಗಳದಾಚೆಯ ನಡತೆ ನಿಯಮಗಳೆನ್ನಬಹುದು. ಬುಕ್ಕಿಗಳ ಸಂಪರ್ಕ, ಬೆಟ್ಟಿಂಗ್, ಉದ್ದೀಪನ ಮದ್ದು, ಟಿವಿ ಸಂದರ್ಶನ, ಜಾಹೀರಾತು, ಪಾರ್ಟಿ, ಪ್ರವಾಸದಲ್ಲಿ ಕುಟುಂಬದ ವಾಸ ಎಲ್ಲವೂ ಇವುಗಳ ವ್ಯಾಪ್ತಿಗೆ ಬರುತ್ತವೆ. ಪಂದ್ಯದ ನಡುವಿನ ವರ್ತನೆ ಇದರಿಂದ ಬೇರೆ. ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ 2006ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ಮ್ಯಾಚ್ ರೆಫರಿಯಾಗಿ ವಿಚಾರಿಸುತ್ತ ಬಂದಿರುವುದು ಅಂಗಳದ ತಪ್ಪುಗಳನ್ನು. ಅಂಗಳ ದಾಟಿದ ಮೇಲಿನ ತಪ್ಪು ಯಾವುದು, ಅದನ್ನು ವಿಚಾರಿಸುವ ಹಕ್ಕು ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಇನ್ನೂ ರೂಪುಗೊಳ್ಳುತ್ತಿದೆ.

ಗರಡಿಯ ಶಿಸ್ತು

ಆಟಗಾರನ ಇಡೀ ದಿನಚರಿಗೆ ಕಟ್ಟುಪಾಡು ಹಾಕುವ ಪದ್ಧತಿ ಮೈಸೂರಿಗೆ ಲೀಗ್‌ಗಳಿಂದ ಬಂದದ್ದಲ್ಲ. ಅದು ಮೊದಲಿನಿಂದಲೂ ಗರಡಿಮನೆಗಳಲ್ಲಿದೆ. ಒಡೆಯರ ಪೈಕಿ ರಣಧೀರ ಕಂಠೀರವ ನರಸರಾಜ (ಆಳ್ವಿಕೆ 1638–1659) ಸ್ವತಃ ಮಲ್ಲನೆಂದು ಹೆಸರಾದವನು. ಅರಮನೆಯ ಆಶ್ರಯದಲ್ಲಿ ಬೆಳೆದ ಕುಸ್ತಿ ದಸರಾದ ಅಂಗವಾಯಿತು. ಜಟ್ಟಿಗಳ ವಜ್ರಮುಷ್ಟಿ ಕಾಳಗ ವಿಜಯದಶಮಿಯ ವಿಧಿಗಳಲ್ಲಿ ಇಂದಿಗೂ ಉಳಿದಿದೆ. ಗರಡಿಗೆ ಸೇರಿದ ಹುಡುಗ ಉಸ್ತಾದರ ಮಾತಿಗೆ ಒಳಪಡುತ್ತಿದ್ದುದು ಮಟ್ಟಿಯ ಮೇಲೆ ಮಾತ್ರವಲ್ಲ. ನಸುಕಿನಲ್ಲಿ ಏಳುವುದು, ಆಂಜನೇಯನಿಗೆ ಕೈಮುಗಿಯುವುದು, ಆಹಾರದ ನಿಯಮ, ಮದ್ಯದಿಂದ ದೂರ ಉಳಿಯುವುದು, ಬ್ರಹ್ಮಚರ್ಯ ಇವೆಲ್ಲ ಸಾಧನೆಯ ಭಾಗವೇ ಆಗಿದ್ದವು. ಬೀದಿಜಗಳದಲ್ಲಿ ಪಟ್ಟು ತೋರಿಸುವ ಪೈಲ್ವಾನನಿಂದ ಗರಡಿಯ ಹೆಸರು ಕೆಡುತ್ತದೆ ಎಂಬ ಭಾವನೆ ಬಲವಾಗಿತ್ತು.

ಈ ಶಿಸ್ತನ್ನು ಇಂದಿನ ಲೀಗ್ ನಿಯಮಗಳ ಪೂರ್ವರೂಪವೆಂದು ನೇರವಾಗಿ ಹೇಳಲಾಗದು. ಗರಡಿಯ ಕಟ್ಟುಪಾಡು ಗುರುವಿನ ಮೇಲಿನ ನಂಬಿಕೆಯಿಂದ ಹುಟ್ಟಿದ್ದು. ಒಪ್ಪದವನು ಗರಡಿ ಬಿಟ್ಟು ಹೋಗಬಹುದಿತ್ತು, ಅವನ ಅನ್ನ ಹೋಗುತ್ತಿರಲಿಲ್ಲ. ಲೀಗ್‌ನ ನಿಯಮ ಒಪ್ಪಂದದ ಕಾಗದದ್ದು, ಅದನ್ನು ಮುರಿದರೆ ಹೋಗುವುದು ಜೀವನೋಪಾಯ. ಆದರೂ ಆಟಗಾರ ಊರಿಗೇ ಮಾದರಿಯಾಗಿರಬೇಕೆಂಬ ಇಲ್ಲಿನ ಜನರ ನಿರೀಕ್ಷೆಯ ಬೇರು ಗರಡಿಯಲ್ಲಿದೆ.

ಮಂಡಳಿಗಳ ಹಿಡಿತ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ರಣಜಿ ಟೂರ್ನಿಯ ಮೊಟ್ಟಮೊದಲ ಪಂದ್ಯವನ್ನು ಮೈಸೂರು ತಂಡ ಮದ್ರಾಸಿನ ವಿರುದ್ಧ ಚೆಪಾಕ್‌ನಲ್ಲಿ ಆಡಿತು. ಆಗ ಕ್ರಿಕೆಟ್ ಹೊಟ್ಟೆಪಾಡಿನ ವೃತ್ತಿಯಾಗಿರಲಿಲ್ಲ, ಶಿಸ್ತು ನಾಯಕ ಮತ್ತು ಮ್ಯಾನೇಜರರ ಮರ್ಜಿಗೆ ಬಿಟ್ಟದ್ದಾಗಿತ್ತು. 1936ರ ಇಂಗ್ಲೆಂಡ್ ಪ್ರವಾಸದ ನಡುವೆ ಲಾಲಾ ಅಮರನಾಥ್ ಅವರನ್ನು ಅಶಿಸ್ತಿನ ಕಾರಣ ನೀಡಿ ಊರಿಗೆ ಕಳುಹಿಸಲಾಯಿತು. ಬಳಿಕ ಬೋಮಾಂಟ್ ಸಮಿತಿಯ ವಿಚಾರಣೆಯಲ್ಲಿ ಟೀಕೆಗೆ ಒಳಗಾದವರು ನಾಯಕ ವಿಜಯನಗರಂನ ಮಹಾರಾಜಕುಮಾರ್. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ ಎಂಬ ಕ್ರಮದ ಆರಂಭದ ನಿದರ್ಶನವಿದು.

1989ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಅನುಮತಿಯಿಲ್ಲದೆ ಉತ್ತರ ಅಮೆರಿಕದಲ್ಲಿ ಪ್ರದರ್ಶನ ಪಂದ್ಯ ಆಡಿದ ಕಪಿಲ್ ದೇವ್, ದಿಲೀಪ್ ವೆಂಗ್‌ಸರ್ಕಾರ್ ಸೇರಿದಂತೆ ಆರು ಆಟಗಾರರ ಮೇಲೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ (ಬಿಸಿಸಿಐ) ನಿಷೇಧ ಹೇರಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ನಿಷೇಧ ತೆರವಾಯಿತು. ಬಿಡುವಿನ ವೇಳೆ ಆಟಗಾರನ ಸ್ವತ್ತೇ ಎಂಬ ಪ್ರಶ್ನೆ ಭಾರತದಲ್ಲಿ ನ್ಯಾಯಾಲಯದ ಮುಂದೆ ಬಂದ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು.

2000: ಬೆಂಗಳೂರಿನ ಹೋಟೆಲ್ ಕೋಣೆ

ಜಾಗತಿಕ ಕ್ರಿಕೆಟ್ ತನ್ನ ನಿಯಮಗಳನ್ನು ಅಂಗಳದ ಆಚೆಗೆ ಗಂಭೀರವಾಗಿ ಚಾಚಿದ್ದು 2000ರ ನಂತರ. ಆ ವರ್ಷ ಮಾರ್ಚ್‌ನಲ್ಲಿ ಬೆಂಗಳೂರು ಟೆಸ್ಟ್‌ಗೆ ಮುನ್ನ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಹೋಟೆಲ್ ಕೋಣೆಯಲ್ಲಿ ಜಾಕ್ ಕಾಲಿಸ್, ಮಾರ್ಕ್ ಬೌಚರ್ ಮತ್ತು ಲ್ಯಾನ್ಸ್ ಕ್ಲೂಸ್ನರ್ ಅವರ ಮುಂದೆ ಹಣದ ಮಾತೆತ್ತಿದ್ದು ಮುಂದೆ ಈ ಹಗರಣದ ವಿಚಾರಣೆ ನಡೆಸಿದ ಕಿಂಗ್ ಆಯೋಗದ ಎದುರು ಹೊರಬಂತು. ಮೂವರೂ ಆ ಮಾತಿಗೆ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಕ್ರೋನಿಯೆ ಬುಕ್ಕಿಯೊಂದಿಗೆ ನಡೆಸಿದ ದೂರವಾಣಿ ಸಂಭಾಷಣೆ ಬಹಿರಂಗಪಡಿಸಿದರು. ಕ್ರೋನಿಯೆ ಆಜೀವ ನಿಷೇಧಕ್ಕೆ ಒಳಗಾದರು. ಐಸಿಸಿ ಅದೇ ವರ್ಷ ಭ್ರಷ್ಟಾಚಾರ ತಡೆ ಘಟಕ ಸ್ಥಾಪಿಸಿತು.

ಆಟ ಕೆಡುವುದು ಅಂಗಳದಲ್ಲಿ ಅಲ್ಲ, ಹೋಟೆಲ್ ಕೋಣೆ, ಫೋನ್ ಮತ್ತು ಪರಿಚಯಸ್ಥರ ಮೂಲಕ ಎಂಬ ಅರಿವು ಹೊಸ ನಿಯಮಗಳ ತಳಹದಿಯಾಯಿತು. ಪಂದ್ಯ ನಡೆಯುವಾಗ ಡ್ರೆಸಿಂಗ್ ರೂಮಿಗೆ ಫೋನ್ ಒಯ್ಯುವಂತಿಲ್ಲ. ಬುಕ್ಕಿಯೊಬ್ಬ ಸಂಪರ್ಕಿಸಿದರೆ, ಆಟಗಾರ ಒಪ್ಪದಿದ್ದರೂ ಸಹ, ತಡಮಾಡದೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ.

ಐಪಿಎಲ್ ಮತ್ತು ಬೆಂಗಳೂರು ತಂಡ

2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಬಂದಾಗ ಪಂದ್ಯದ ನಂತರದ ಪಾರ್ಟಿಯೂ ಮನರಂಜನೆಯ ಭಾಗವೆನಿಸಿತು. 2012ರ ಮೇ ತಿಂಗಳಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಆಸ್ಟ್ರೇಲಿಯಾ ಆಟಗಾರ ಲ್ಯೂಕ್ ಪೋಮರ್ಸ್‌ಬಾಕ್ ದೆಹಲಿಯ ಹೋಟೆಲ್‌ನಲ್ಲಿ ಹಲ್ಲೆಯ ಆರೋಪದ ಮೇಲೆ ಬಂಧಿತರಾದರು. ತಂಡ ಅವರನ್ನು ಅಮಾನತಿನಲ್ಲಿಟ್ಟಿತು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. 2013ರ ಮೇ 16ರಂದು ಶ್ರೀಶಾಂತ್ ಸೇರಿ ರಾಜಸ್ಥಾನ್ ತಂಡದ ಮೂವರು ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಂಧಿತರಾದ ಮೇಲೆ ಬಿಸಿಸಿಐ ನಿಯಮಗಳನ್ನು ಬಿಗಿಗೊಳಿಸಿತು, ಪಾರ್ಟಿಗಳಿಗೆ ತೆರೆ ಎಳೆಯಿತು. ಶ್ರೀಶಾಂತ್ ಮೇಲಿನ ಆಜೀವ ನಿಷೇಧವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್ 15ರಂದು ಬದಿಗಿಟ್ಟು, ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸಲು ಹೇಳಿತು. ಬಳಿಕ ಅದು 7 ವರ್ಷಕ್ಕೆ ಇಳಿಯಿತು. ಮಂಡಳಿಗೆ ಶಿಕ್ಷಿಸುವ ಅಧಿಕಾರವಿದೆ, ಆದರೆ ಶಿಕ್ಷೆ ತಪ್ಪಿನ ತೂಕಕ್ಕೆ ತಕ್ಕದಾಗಿರಬೇಕು ಎಂಬುದು ಆ ತೀರ್ಪಿನ ಸಾರ.

ಮಾನಸಗಂಗೋತ್ರಿಯ ಫೈನಲ್ ಮತ್ತು ಹೈಕೋರ್ಟ್ ತೀರ್ಪು

ಮೈಸೂರಿಗೆ ಈ ವಿಷಯ ನೇರವಾಗಿ ತಟ್ಟಿದ್ದು 2019ರಲ್ಲಿ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಜಿಲ್ಲೆಗಳ ಹುಡುಗರಿಗೆ ದೊಡ್ಡ ವೇದಿಕೆಯಾಗಿತ್ತು. ಆ ವರ್ಷದ ಫೈನಲ್ ಆಗಸ್ಟ್ 31ರಂದು ಮಾನಸಗಂಗೋತ್ರಿಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲಿ ನಡೆಯಿತು. ಬಳ್ಳಾರಿ ಟಸ್ಕರ್ಸ್ ತಂಡವನ್ನು ಹುಬ್ಬಳ್ಳಿ ಟೈಗರ್ಸ್ 8 ರನ್‌ಗಳಿಂದ ಮಣಿಸಿತು. ಮುಂದಿನ ತಿಂಗಳಲ್ಲೇ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಬೆಟ್ಟಿಂಗ್ ಆರೋಪದಲ್ಲಿ ಬೆಳಗಾವಿ ಪ್ಯಾಂಥರ್ಸ್ ಮಾಲೀಕರನ್ನು ಬಂಧಿಸಿದರು. ನವೆಂಬರ್‌ನಲ್ಲಿ ಬಳ್ಳಾರಿ ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ ಬಂಧಿತರಾದರು. ಮೈಸೂರಿನ ಆ ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟಿಂಗ್ ಮಾಡಲು ಹಣ ಪಡೆದರೆಂಬುದು ಪೊಲೀಸರ ಆರೋಪವಾಗಿತ್ತು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಲೀಗನ್ನೇ ನಿಲ್ಲಿಸಿತು.

2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶ್ರೀನಿವಾಸ ಹರೀಶ್ ಕುಮಾರ್ ವಂಚನೆ ಪ್ರಕರಣವನ್ನು ರದ್ದುಪಡಿಸಿದರು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ ಮತ್ತು ಅಶಿಸ್ತನ್ನು ಸೂಚಿಸಬಹುದು, ಅದಕ್ಕೆ ಕ್ರಮ ಕೈಗೊಳ್ಳಬೇಕಾದದ್ದು ಬಿಸಿಸಿಐ, ಭಾರತೀಯ ದಂಡ ಸಂಹಿತೆಯ 420ನೇ ಕಲಂ ಇಲ್ಲಿ ಅನ್ವಯಿಸದು ಎಂಬುದು ತೀರ್ಪಿನ ನಿಲುವು. ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧವಾಗಿಸಬೇಕೆಂದು ಕಾನೂನು ಆಯೋಗ 2018ರ ತನ್ನ 276ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2022ರ ಹೊತ್ತಿಗೂ ಅಂಥ ಕೇಂದ್ರ ಕಾಯ್ದೆ ಇರಲಿಲ್ಲ.

ಈ ತೀರ್ಪಿನ ಮಹತ್ವ ಕ್ರಿಕೆಟಿಗಷ್ಟೇ ಸೀಮಿತವಲ್ಲ. ದೇಶದ ಕಾನೂನು ಕೈಚೆಲ್ಲಿದ ಕಡೆ ಲೀಗ್‌ನ ಸಂಹಿತೆಯೊಂದೇ ಕಾವಲು ಎಂಬುದನ್ನು ಅದು ಸ್ಪಷ್ಟಪಡಿಸಿತು. ಮಾನಸಗಂಗೋತ್ರಿಯಲ್ಲಿ ಹಣ ಕೊಟ್ಟು ಕೂತ ಪ್ರೇಕ್ಷಕನಿಗೆ ಕಂಡ ಆಟ ನಿಜವಾಗಿತ್ತೇ ಎಂಬ ಅನುಮಾನಕ್ಕೆ ಎಡೆಯಾದರೆ, ಪ್ರಾಮಾಣಿಕವಾಗಿ ಆಡಿದ ಇಪ್ಪತ್ತು ಮಂದಿಯ ಬೆವರೂ ಅನುಮಾನಕ್ಕೆ ಸಿಲುಕುತ್ತದೆ. 2022ರ ಆಗಸ್ಟ್‌ನಲ್ಲಿ ಶ್ರೀಕಂಠದತ್ತ ಒಡೆಯರ್ ಸ್ಮರಣಾರ್ಥ ‘ಮಹಾರಾಜ ಟ್ರೋಫಿ’ ಎಂಬ ಹೆಸರಿನಲ್ಲಿ ಲೀಗ್ ಮತ್ತೆ ಶುರುವಾದದ್ದು ಮೈಸೂರಿನ ಅದೇ ಮೈದಾನದಲ್ಲಿ. 2024ರಲ್ಲಿ ಮೈಸೂರು ವಾರಿಯರ್ಸ್ ಆ ಟ್ರೋಫಿ ಗೆದ್ದಿತು.

ಮಾತಿಗೆ ಶಿಕ್ಷೆ: ರಾಹುಲ್ ಪ್ರಕರಣ

ಬೆಂಗಳೂರಿನಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಪಾಲ್ಗೊಂಡ ‘ಕಾಫಿ ವಿತ್ ಕರಣ್’ ಕಾರ್ಯಕ್ರಮ 2019ರ ಜನವರಿ 6ರಂದು ಪ್ರಸಾರವಾಯಿತು. ಹೆಣ್ಣುಮಕ್ಕಳ ಕುರಿತ ಮಾತುಗಳು, ಮುಖ್ಯವಾಗಿ ಪಾಂಡ್ಯ ಅವರವು, ದೇಶದ ಉದ್ದಗಲಕ್ಕೂ ಆಕ್ರೋಶ ಎಬ್ಬಿಸಿದವು. ಜನವರಿ 11ರಂದು, ಆಗ ಬಿಸಿಸಿಐ ನಡೆಸುತ್ತಿದ್ದ ಆಡಳಿತಗಾರರ ಸಮಿತಿ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ವಿಚಾರಿಸಬೇಕಾದ ಓಂಬುಡ್ಸ್‌ಮನ್ ಆಗ ನೇಮಕವೇ ಆಗಿರಲಿಲ್ಲ. 13 ದಿನಗಳ ನಂತರ ಅಮಾನತು ತೆರವಾಯಿತು. ಫೆಬ್ರುವರಿಯಲ್ಲಿ ನೇಮಕಗೊಂಡ ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಏಪ್ರಿಲ್ 20ರಂದು ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು: ಹುತಾತ್ಮರಾದ ಅರೆಸೇನಾ ಪಡೆಗಳ 10 ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ ತಲಾ 1 ಲಕ್ಷ, ಅಂಧರ ಕ್ರಿಕೆಟ್ ನಿಧಿಗೆ 10 ಲಕ್ಷ.

ಆ ಮಾತುಗಳು ತಪ್ಪಾಗಿದ್ದವು, ಖಂಡನೆಗೆ ಅರ್ಹವಾಗಿದ್ದವು. ಆದರೆ ಪಂದ್ಯದ ಸಾಚಾತನಕ್ಕೆ ಅವುಗಳಿಂದ ಧಕ್ಕೆಯಾಗಿರಲಿಲ್ಲ. ಯಾವ ಮಾತಿಗೆ ಎಷ್ಟು ಶಿಕ್ಷೆ ಎಂದು ಆಟಗಾರರಿಗೆ ಮುಂಚಿತವಾಗಿ ಗೊತ್ತೂ ಇರಲಿಲ್ಲ. ವಿಚಾರಿಸುವವರಿಲ್ಲದ ಹೊತ್ತಿನಲ್ಲಿ ಅಮಾನತು ಜಾರಿಯಾದದ್ದು ಈ ಪ್ರಕರಣದ ದೊಡ್ಡ ಲೋಪ.

ದೇಹ, ಬಿಡುವು, ಕುಟುಂಬ

ಉದ್ದೀಪನ ಮದ್ದು ತಡೆ ನಿಯಮದ ಪ್ರಕಾರ ಪರೀಕ್ಷಾ ಪಟ್ಟಿಯಲ್ಲಿರುವ ಕ್ರೀಡಾಪಟು ಪ್ರತಿದಿನ ಒಂದು ಗಂಟೆ ತಾನು ಎಲ್ಲಿ ಸಿಗುತ್ತೇನೆಂದು ಮುಂಚಿತವಾಗಿ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಉಲ್ಲಂಘನೆ. 2009ರಲ್ಲಿ ಭಾರತದ ಕ್ರಿಕೆಟಿಗರು ಭದ್ರತೆ ಮತ್ತು ಖಾಸಗಿತನದ ಕಾರಣ ಮುಂದಿಟ್ಟು ಇದನ್ನು ವಿರೋಧಿಸಿದರು. ಬಿಸಿಸಿಐ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ವ್ಯಾಪ್ತಿಗೆ ಬರಲು ಒಪ್ಪಿದ್ದು 2019ರ ಆಗಸ್ಟ್‌ನಲ್ಲಿ. ಅಥ್ಲೀಟ್‌ಗಳು, ಕುಸ್ತಿಪಟುಗಳು ಅದಕ್ಕೂ ಮೊದಲೇ ಈ ಹೊರೆ ಹೊತ್ತಿದ್ದರು.

ಆಸ್ಟ್ರೇಲಿಯಾದಲ್ಲಿ 1–3ರಿಂದ ಸೋತ ಬಳಿಕ, 2025ರ ಜನವರಿಯಲ್ಲಿ ಬಿಸಿಸಿಐ ಹತ್ತು ಅಂಶಗಳ ಮಾರ್ಗಸೂಚಿ ತಂದಿತು. 45 ದಿನ ಮೀರಿದ ಪ್ರವಾಸದಲ್ಲಿ ಕುಟುಂಬಕ್ಕೆ ಎರಡು ವಾರವಷ್ಟೇ ಅವಕಾಶ, ಖಾಸಗಿ ಸಿಬ್ಬಂದಿಗೆ ಕಡಿವಾಣ, ಪ್ರವಾಸದ ನಡುವೆ ಜಾಹೀರಾತು ಚಿತ್ರೀಕರಣಕ್ಕೆ ತಡೆ ಇದರಲ್ಲಿದ್ದವು. ಮಾರ್ಚ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ವಿರಾಟ್ ಕೊಹ್ಲಿ, ಕಷ್ಟದ ದಿನ ಮುಗಿಸಿ ಬಂದಾಗ ಕುಟುಂಬ ಜೊತೆಗಿರುವುದು ಎಷ್ಟು ಮುಖ್ಯ ಎಂಬುದನ್ನು ಬಹಿರಂಗವಾಗಿಯೇ ಹೇಳಿದರು.

ಹೊರದೇಶದ ಅನುಭವ

ಅಮೆರಿಕದ ಬೇಸ್‌ಬಾಲ್‌ನಲ್ಲಿ 1919ರ ವಿಶ್ವ ಸರಣಿ ಫಿಕ್ಸಿಂಗ್ ಆರೋಪ ಹೊತ್ತ ಎಂಟು ಆಟಗಾರರನ್ನು 1921ರಲ್ಲಿ, ನ್ಯಾಯಾಲಯ ಖುಲಾಸೆ ಮಾಡಿದ ಮೇಲೂ, ಕಮಿಷನರ್ ಕೆನಸಾ ಲ್ಯಾಂಡಿಸ್ ಆಜೀವ ಹೊರಗಿಟ್ಟರು. 2014ರಲ್ಲಿ ಭಾವಿ ಪತ್ನಿಯ ಮೇಲೆ ಹಲ್ಲೆ ನಡೆಸಿದ ಅಮೆರಿಕನ್ ಫುಟ್‌ಬಾಲ್ ಆಟಗಾರ ರೇ ರೈಸ್‌ಗೆ ಆ ಆಟದ ಲೀಗ್ ಎನ್‌ಎಫ್‌ಎಲ್ ಮೊದಲು ಎರಡು ಪಂದ್ಯಗಳ ನಿಷೇಧ ಹೇರಿತು. ವಿಡಿಯೊ ಹೊರಬಿದ್ದ ಮೇಲೆ ಅನಿರ್ದಿಷ್ಟ ಅಮಾನತು ವಿಧಿಸಿತು. ಆಟಗಾರರ ಸಂಘ ಮೇಲ್ಮನವಿ ಹೋಯಿತು, ಒಂದೇ ತಪ್ಪಿಗೆ ಎರಡು ಶಿಕ್ಷೆ ಸಲ್ಲದೆಂದು ಮಧ್ಯಸ್ಥಗಾರರು ಎರಡನೆಯದನ್ನು ರದ್ದು ಮಾಡಿದರು. ಕೃತ್ಯ ಹೇಯವಾದರೂ ಪ್ರಕ್ರಿಯೆ ನ್ಯಾಯವಾಗಿರಬೇಕೆಂದು ಹಟಹಿಡಿಯಲು ಅಲ್ಲಿ ಸಂಘವೊಂದಿತ್ತು. ಭಾರತದಲ್ಲಿ 2019ರಲ್ಲಿ ರಚನೆಯಾದ ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್ ನಿವೃತ್ತ ಆಟಗಾರರ ಸಂಘ. ಈಗ ಆಡುತ್ತಿರುವವರಿಗೆ ಅದರಲ್ಲಿ ಜಾಗವಿಲ್ಲ.

ಮೌಲ್ಯಮಾಪನ

ನಿರ್ಬಂಧದ ಪರವಾಗಿ ಮೂರು ವಾದಗಳಿವೆ: ಪ್ರೇಕ್ಷಕರ ನಂಬಿಕೆ ಉಳಿಯಬೇಕು, ಆಟಗಾರನನ್ನು ಮಕ್ಕಳು ಅನುಸರಿಸುತ್ತಾರೆ, ಸಂಬಳ ಕೊಡುವ ತಂಡಕ್ಕೆ ತನ್ನ ಹೆಸರು ಕಾಯುವ ಹಕ್ಕಿದೆ. ವಿರೋಧದ ವಾದ ಒಂದೇ ಆದರೂ ಗಟ್ಟಿ: ಆಟಗಾರ ಮಾರುವುದು ತನ್ನ ಕೌಶಲವನ್ನು, ಇಡೀ ಬದುಕನ್ನಲ್ಲ. ಅಪರಾಧಕ್ಕೆ ಪೊಲೀಸರಿದ್ದಾರೆ, ನ್ಯಾಯಾಲಯವಿದೆ.

ಕರ್ನಾಟಕದ ಅನುಭವ ಈ ಎರಡರ ನಡುವೆ ಗೆರೆಯೊಂದನ್ನು ತೋರಿಸುತ್ತದೆ. ಬುಕ್ಕಿ, ಬೆಟ್ಟಿಂಗ್, ಉದ್ದೀಪನ ಮದ್ದು ಆಟದ ಸತ್ಯವನ್ನೇ ಕೊಲ್ಲುತ್ತವೆ. ಅವು ಎಲ್ಲಿ, ಯಾವ ಹೊತ್ತಿನಲ್ಲಿ ನಡೆದರೂ ಲೀಗ್‌ಗೆ ತಡೆಯುವ ಹಕ್ಕಿದೆ, ಹೊಣೆಯೂ ಇದೆ. ಮೈಸೂರಿನ ಫೈನಲ್ ಸುತ್ತ ಎದ್ದ ಅನುಮಾನ ಮತ್ತು ಹೈಕೋರ್ಟ್ ತೀರ್ಪು ಆ ಹೊಣೆಯನ್ನು ಹೆಚ್ಚಿಸಿವೆ. ಹಿಂಸೆಯ ಆರೋಪಗಳಲ್ಲಿ ಕಾನೂನಿಗೆ ಮೊದಲ ಸ್ಥಾನವಿರಬೇಕು, ಲೀಗ್ ವಿಚಾರಣೆ ನಡೆಸಿಯೇ ಹೆಜ್ಜೆ ಇಡಬೇಕು. ಮಾತು, ಕುಟುಂಬ, ಬಿಡುವಿನ ವಿಷಯದಲ್ಲಿ ಲೀಗ್‌ನ ಕೈ ಹಗುರವಾಗಿರಬೇಕು. ನಿಯಮವನ್ನು ಮೊದಲೇ ಬರೆದಿಡಬೇಕು, ತೀರ್ಪು ಕೊಡುವವರು ಸ್ವತಂತ್ರರಾಗಿರಬೇಕು, ನಿಯಮ ರೂಪಿಸುವಾಗ ಆಡುವವರ ದನಿಗೆ ಜಾಗವಿರಬೇಕು. ಕೆಪಿಎಲ್ ಪತನದಿಂದ ಪಾಠ ಕಲಿತ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಮಹಾರಾಜ ಟ್ರೋಫಿಯ ಆಟಗಾರರನ್ನು ಕೂರಿಸಿಕೊಂಡು ಅಂಥ ಸಂಹಿತೆಯೊಂದನ್ನು ರೂಪಿಸಿದರೆ, ದೇಶದ ಉಳಿದ ಲೀಗ್‌ಗಳಿಗೆ ಅದು ಮೇಲ್ಪಂಕ್ತಿಯಾಗಬಲ್ಲದು.