ರುಡ್‌ಸೆಟ್ ಸಂಸ್ಥೆ

ಗ್ರಾಮೀಣ ನಿರುದ್ಯೋಗಿ ಯುವಜನರಿಗೆ ಊಟ, ವಸತಿಯೊಡನೆ ಉಚಿತ ತರಬೇತಿ ಕೊಟ್ಟು, ಸ್ವಂತ ಉದ್ಯೋಗ ಆರಂಭಿಸಲು ನೆರವಾಗುವ ಸಂಸ್ಥೆ. ಪೂರ್ಣ ಹೆಸರು ಗ್ರಾಮೀಣಾಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳು ಸೇರಿ 1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಇದನ್ನು ಸ್ಥಾಪಿಸಿದವು.

ಹಿನ್ನೆಲೆ: ಎರಡೂ ಬ್ಯಾಂಕುಗಳು ಹುಟ್ಟಿದ್ದು ಕರಾವಳಿಯಲ್ಲೇ. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಠೇವಣಿಯ ಮೂಲಕ ಬಡವರ ಮನೆಬಾಗಿಲಿಗೆ ಹೋಗಿ ಎರಡಾಣೆಯ ಉಳಿತಾಯ ಸಂಗ್ರಹಿಸತೊಡಗಿತ್ತು. 1969ರ ರಾಷ್ಟ್ರೀಕರಣದ ನಂತರ ಬಡವರಿಗೆ ಸಾಲ ಕೊಡುವ ಹೊಣೆ ಬ್ಯಾಂಕುಗಳ ಮೇಲೆ ಹೆಚ್ಚಾಯಿತು. ಗ್ರಾಮೀಣ ಯುವಜನರ ಸ್ವ ಉದ್ಯೋಗ ತರಬೇತಿಗೆಂದು ಕೇಂದ್ರ ಸರ್ಕಾರ 1979ರಲ್ಲಿ ‘ಟ್ರೈಸೆಮ್’ ಯೋಜನೆ ತಂದಿತು. ಆದರೆ ಕಸುಬು ತಿಳಿಯದವನ ಕೈಗೆ ಬಂದ ಸಾಲ ಹೊರೆಯಾಗುತ್ತದೆ. ಬಂಡವಾಳವಿಲ್ಲದವನು ಕಲಿತ ಕಸುಬು ಕೈಗೂಡುವುದಿಲ್ಲ. ಈ ಎರಡನ್ನೂ ಒಂದೇ ಸೂರಿನಡಿ ಜೋಡಿಸಿದ್ದು ಉಜಿರೆಯ ಹಿರಿಮೆ.

ತರಬೇತಿಯ ಕ್ರಮ: ಹೈನುಗಾರಿಕೆ, ಹೊಲಿಗೆ, ಜೇನು ಸಾಕಣೆ, ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ ಮೊದಲಾದ ಕಸುಬುಗಳನ್ನು ಅಲ್ಪಾವಧಿಯ ಶಿಬಿರಗಳಲ್ಲಿ ಕಲಿಸಲಾಗುತ್ತದೆ. ಇದರೊಂದಿಗೆ ಆತ್ಮವಿಶ್ವಾಸ, ಮಾರುಕಟ್ಟೆ ಸಮೀಕ್ಷೆ, ಲೆಕ್ಕಪತ್ರ ಹಾಗೂ ಬ್ಯಾಂಕ್ ವ್ಯವಹಾರದ ಪಾಠಗಳೂ ಇರುತ್ತವೆ. ಸೋಲಿನ ಭಯವಿರುವ ಬಡ ಮನೆಯ ಮಕ್ಕಳಿಗೆ ಕಸುಬಿನಷ್ಟೇ ಧೈರ್ಯವೂ ಬೇಕೆಂಬ ಅರಿವು ಇದರ ಹಿಂದಿದೆ. ಶಿಬಿರ ಮುಗಿದ ಮೇಲೂ ಸುಮಾರು ಎರಡು ವರ್ಷ ಅಭ್ಯರ್ಥಿಗಳ ಸಂಪರ್ಕದಲ್ಲಿದ್ದು, ಸಾಲ ದೊರಕಿಸಲು, ತೊಡಕು ಬಿಡಿಸಲು ಸಿಬ್ಬಂದಿ ನೆರವಾಗುತ್ತಾರೆ.

ವಿಸ್ತರಣೆ: ಧಾರವಾಡ, ಚಿತ್ರದುರ್ಗ, ಮೈಸೂರು, ಬ್ರಹ್ಮಾವರ ಮುಂತಾದೆಡೆ ಶಾಖೆಗಳು ತೆರೆದು, ಮುಂದೆ ಹೊರರಾಜ್ಯಗಳಿಗೂ ಹಬ್ಬಿದವು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ, ಪ್ರತಿ ಜಿಲ್ಲೆಗೂ ಬ್ಯಾಂಕುಗಳು ನಡೆಸುವ ‘ಆರ್‌ಸೆಟಿ’ ಕೇಂದ್ರಗಳನ್ನು ಯೋಜಿಸಿ, ಕಟ್ಟಡ ಮತ್ತಿತರ ಸೌಕರ್ಯಕ್ಕೆ ತಲಾ 1 ಕೋಟಿ ರೂಪಾಯಿ ಅನುದಾನ ಗೊತ್ತುಮಾಡಿತು. ಇಂದು ದೇಶದಲ್ಲಿ ಇಂಥ ಐನೂರಕ್ಕೂ ಹೆಚ್ಚು ಕೇಂದ್ರಗಳಿವೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಸಂಸ್ಥೆಯ ಕೆಲಸ ಮುಂದುವರಿದಿದೆ.

ಮಹತ್ವ: ಪ್ರಮಾಣಪತ್ರ ಪಡೆದವರ ಸಂಖ್ಯೆಯ ಜೊತೆಗೆ, ಅವರಲ್ಲಿ ದುಡಿಮೆಯಲ್ಲಿ ನೆಲೆಯೂರಿದವರೆಷ್ಟು ಎಂಬ ಲೆಕ್ಕವನ್ನೂ ಈ ಮಾದರಿ ಇಡುತ್ತದೆ. ಬಡತನ ನಿವಾರಣೆಯ ಯಾವುದೇ ಯೋಜನೆಗೂ ಒಪ್ಪುವ ಅಳತೆಗೋಲು ಇದು.